ಟ್ರೈನಿಂಗ್ ಡೈರಿ: ಹೊಗೆ ಬಾರದ ಸಿಗಾರ್

1/8

ಮೊನ್ನೆ ಸ್ಟೋರಿಯಲ್ಲಿ ಒಂದು ಫೋಟೋ ಹಾಕಿದ್ದೆ. ಕಪ್ಪು ಹಿಡಿ ಇರುವ ಉದ್ದನೆಯ ತೆಳು ಸೂಜಿ, ಅದರ ಪಕ್ಕ ಅಮ್ಮನ ಬೀಡಿ ಕತ್ತರಿ. "ಇದೆಂತ, ಸ್ವೆಟರ್ ಹೆಣೆಯುವುದಾ?" "ಹಲ್ಲಿನ ಡಾಕ್ಟರ್ ಹತ್ರ ಕದ್ದದ್ದಾ?" ಅಂತ ಡಿಎಂ ಬಂದದ್ದೇ ಬಂದದ್ದು. ಒಬ್ಬರೂ ಸರಿ ಉತ್ತರ ಹೇಳಲಿಲ್ಲ. ಅದು ಸಿಗಾರ್ ರಿಪೇರಿ ಮಾಡುವ ಸೂಜಿ ಮಾರಾಯ್ರೆ.

ಹೌದು, ಸಿಗಾರ್ ಕೂಡ ರಿಪೇರಿ ಆಗ್ತದೆ. ಹೊತ್ತಿಸಿದ ಮೇಲೆ ಎಷ್ಟು ಎಳೆದರೂ ಹೊಗೆ ಬಾರದಿದ್ರೆ ಅದಕ್ಕೆ 'ಟೈಟ್ ಡ್ರಾ' ಅಂತಾರೆ. ನಮ್ಮ ಎಫ್ ಅಂಡ್ ಬಿ ಸರ್ವಿಸ್ ಸಿಲೆಬಸ್ಸಿನಲ್ಲಿ ತಂಬಾಕಿನ ಪಾಠ ಉಂಟಲ್ವಾ, ಅದರಲ್ಲಿ ಸಿಗಾರಿನ ಆಕಾರ, ಬಣ್ಣ, ಸೈಜ್ ಎಲ್ಲ ಬಾಯಿಪಾಠ ಮಾಡಿದ್ದೇವೆ. ಎರಡು ಮಾರ್ಕಿಗೆ ಸಾಕಾಗುವಷ್ಟು. ಆದರೆ ಗೆಸ್ಟ್ ಎದುರು ಕೂತು "ಇದು ಎಳೆಯಲಿಕ್ಕೇ ಆಗ್ತಿಲ್ಲ" ಅಂದಾಗ ಎಂತ ಮಾಡಬೇಕು ಅಂತ ಯಾವ ನೋಟ್ಸಿನಲ್ಲೂ ಇರಲಿಲ್ಲ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಟ್ರೈನಿಂಗ್ ಮಾಡಿದ ಆರು ತಿಂಗಳಲ್ಲಿ, ಕೊನೆಯ ಎರಡು ತಿಂಗಳು ನನ್ನನ್ನು ಅಲ್ಲಿನ ಲೌಂಜಿಗೆ ಹಾಕಿದ್ರು. ಅಲ್ಲಿ ಕಲಿತದ್ದು ಇದು.

ಶುರು ಮಾಡುವ ಮೊದಲು ಎರಡು ಮಾತು. ಒಂದು, ಇದು ಸೇದಿ ಅಂತ ಕರೆಯುವ ಪೋಸ್ಟ್ ಅಲ್ಲ. ನಾನು ಸೇದುವುದಿಲ್ಲ. ಕರ್ನಾಟಕದಲ್ಲಿ ಈಗ 21 ವರ್ಷ ಆಗದವರಿಗೆ ತಂಬಾಕು ಮಾರುವಂತೆಯೇ ಇಲ್ಲ, ನನ್ನ ಫಾಲೋವರ್ಸಲ್ಲಿ ಅರ್ಧಕ್ಕರ್ಧ ಜನ ಆ ಲೆಕ್ಕದಲ್ಲೇ ಬರ್ತೀರಿ. ಎರಡು, ಯಾವ ಬ್ರಾಂಡ್ ಒಳ್ಳೆಯದು ಅಂತ ಕೇಳಬೇಡಿ, ಹೇಳುವುದಿಲ್ಲ.

ಮತ್ತೆ ಯಾಕೆ ಬರೀತಿದ್ದೇನೆ ಅಂದ್ರೆ, ಆ ಸೂಜಿಯ ಪಕ್ಕದಲ್ಲಿ ಕತ್ತರಿ ಯಾಕೆ ಇತ್ತು ಅಂತ ಯಾರೂ ಕೇಳಲಿಲ್ಲ. ಅದಕ್ಕೇ ಎಂಟು ಪೋಸ್ಟ್ ಬೇಕಾಯ್ತು.

2/8

ಮೊದಲು ಸ್ವಲ್ಪ ಥಿಯರಿ. ಎಕ್ಸಾಮಿಗೂ ಆಗ್ತದೆ.

ಕೈಯಲ್ಲಿ ಸುತ್ತಿದ ಸಿಗಾರಿನಲ್ಲಿ ಕಾಗದ ಇಲ್ಲ, ಫಿಲ್ಟರ್ ಇಲ್ಲ. ಒಳಗಿಂದ ಹೊರಗಿನ ತನಕ ತಂಬಾಕಿನ ಎಲೆಯೇ. ಒಳಗಿನ ಹೂರಣ ಫಿಲ್ಲರ್. ಅದನ್ನು ಹಿಡಿದಿಡುವ ಗಟ್ಟಿ ಎಲೆ ಬೈಂಡರ್. ಹೊರಗೆ ಚಂದ ಕಾಣುವ ತೆಳು ಎಲೆ ರ‍್ಯಾಪರ್. ಬಾಯಿಗೆ ಇಡುವ ತುದಿಯನ್ನು ಎಲೆಯದೇ ಚಿಕ್ಕ ಟೊಪ್ಪಿಯಿಂದ ಮುಚ್ಚಿರ್ತಾರೆ, ಅದು ಕ್ಯಾಪ್. ಸೇದುವ ಮೊದಲು ಅದನ್ನು ಕತ್ತರಿಸಬೇಕು.

ಈಗ ಯೋಚನೆ ಮಾಡಿ, ಗಾಳಿ ಎಲ್ಲಿಂದ ಹೋಗ್ತದೆ? ಮಧ್ಯದಲ್ಲಿ ಪೈಪ್ ಏನೂ ಇಲ್ಲ. ಎಲೆ ಮತ್ತು ಎಲೆಯ ನಡುವೆ ಉಳಿಯುವ ಸಣ್ಣ ಸಣ್ಣ ಸಂದುಗಳೇ ದಾರಿ. ಸುತ್ತುವವರು ಎಲೆಯನ್ನು ಮಾತ್ರ ಸುತ್ತುವುದಲ್ಲ, ಖಾಲಿ ಜಾಗವನ್ನೂ ಲೆಕ್ಕ ಹಾಕಿ ಒಳಗೆ ಬಿಡ್ತಾರೆ.

ಸರಿಯಾದ ಡ್ರಾ ಹೇಗಿರಬೇಕು ಅಂತ ನಮ್ಮ ಸೀನಿಯರ್ ಸರ್ ಮಿಲ್ಕ್‌ಶೇಕಿನ ಉದಾಹರಣೆ ಕೊಟ್ರು. ನಮ್ಮ ಕಡೆಯವರಿಗೆ ನಾನು ಹೀಗೆ ಹೇಳ್ತೇನೆ: ಎಳನೀರನ್ನು ಸ್ಟ್ರಾನಲ್ಲಿ ಎಳೆದ ಹಾಗಿದ್ರೆ ತುಂಬ ಸಡಿಲ. ತೆಳು ಲಸ್ಸಿ ಎಳೆದ ಹಾಗೆ ಸ್ವಲ್ಪ ತಡೆ ಇದ್ರೆ ಸರಿ. ಗಡ್‌ಬಡ್ ಐಸ್‌ಕ್ರೀಮಿಗೆ ಸ್ಟ್ರಾ ಹಾಕಿ ಎಳೆದು ಕೆನ್ನೆ ಒಳಗೆ ಹೋದ್ರೆ, ಅದು ಟೈಟ್.

ಸ್ವಲ್ಪ ಬಿಗಿಯಾದ್ರೆ ಇಷ್ಟು ಕಷ್ಟ ಯಾಕೆ ಅನ್ನುವುದಕ್ಕೆ ಫಿಸಿಕ್ಸ್ ಉತ್ತರ ಉಂಟು. ಸಣ್ಣ ಕೊಳವೆಯ ಅಗಲ ಅರ್ಧ ಆದ್ರೆ, ಅದೇ ಶಕ್ತಿಯಲ್ಲಿ ಎಳೆದಾಗ ಹರಿಯುವ ಗಾಳಿ ಅರ್ಧ ಆಗುವುದಲ್ಲ, 16ರಲ್ಲಿ ಒಂದು ಪಾಲಾಗ್ತದೆ. ಸಿಗಾರಿನ ಸಂದುಗಳು ನೇರ ಕೊಳವೆ ಅಲ್ಲ, ಆದ್ರೂ ಕಥೆ ಇದೇ. ಕೈ ಒಂದು ಚೂರು ಹೆಚ್ಚು ಬಿಗಿದ್ರೆ ದಾರಿ ಪೂರ್ತಿ ಬಂದ್.

ಸೈಜೂ ಲೆಕ್ಕಕ್ಕೆ ಬರ್ತದೆ. ಸಿಗಾರಿನ ದಪ್ಪವನ್ನು ಇಂಚಿನ 64ನೇ ಭಾಗದಲ್ಲಿ ಅಳೀತಾರೆ, ಅದೇ ರಿಂಗ್ ಗೇಜ್. 50 ಅಂದ್ರೆ ಸುಮಾರು 20 ಮಿಲಿಮೀಟರ್. 38ರ ತೆಳು ಸಿಗಾರಿನಲ್ಲಿ ತಪ್ಪಿಗೆ ಜಾಗವೇ ಕಮ್ಮಿ, ಹಾಗಾಗಿ ಬಿಗಿ ಆಗುವುದೂ ಅದೇ ಹೆಚ್ಚು.

3/8

ಸಿಗಾರಿಗೆ ನಮ್ಮ ಹಳೆ ಹೆಸರು ಚುರುಟು. ತಮಿಳಿನಲ್ಲಿ ಸುರುಟ್ಟು ಅಂದ್ರೆ ಸುತ್ತು, ಸುರುಳಿ ಮಾಡು. ಆ ಶಬ್ದವೇ ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿನಲ್ಲಿ 'ಚೆರೂಟ್' ಆಯ್ತು. ಅಂದ್ರೆ ಈ ವಸ್ತುವಿನ ಹೆಸರಿನಲ್ಲೇ ಕೈಕೆಲಸ ಉಂಟು.

ಬಿಗಿ ಹುಟ್ಟುವುದೂ ಆ ಕೈಕೆಲಸದಲ್ಲೇ. ಕ್ಯೂಬಾದಲ್ಲಿ ಸಿಗಾರ್ ಸುತ್ತುವವರಿಗೆ ತೊರ್ಸೆದೋರ್ ಅಂತಾರೆ. ಮುಂದೆ ಒಂದು ಮರದ ಹಲಗೆ, ಕೈಯಲ್ಲಿ ಚಾವೇತಾ ಅನ್ನುವ ಅರ್ಧಚಂದ್ರದ ಚಾಕು. ಹೂರಣದ ಎಲೆಗಳನ್ನು ಒಂದೊಂದಾಗಿ ತೆಳು ಕೊಳವೆಯ ಹಾಗೆ ಸುತ್ತಿ ಜೋಡಿಸುವುದು ಒಂದು ಕ್ರಮ. ಗಾಳಿಗೆ ದಾರಿ ಚೆನ್ನಾಗಿ ಸಿಗ್ತದೆ, ಸಮಯ ಹೆಚ್ಚು ಬೇಕು. ಎಲೆಗಳನ್ನು ಒಂದರ ಮೇಲೊಂದು ಇಟ್ಟು ಪುಸ್ತಕ ಮಡಚಿದ ಹಾಗೆ ಮಡಚುವುದು ಇನ್ನೊಂದು ಕ್ರಮ. ಬೇಗ ಆಗ್ತದೆ, ಆದರೆ ಒಂದು ಕಡೆ ಎಲೆ ಒತ್ತೊತ್ತಾಗುವ ಸಾಧ್ಯತೆ ಜಾಸ್ತಿ. ಆಮೇಲೆ ಮರದ ಅಚ್ಚಿನಲ್ಲಿಟ್ಟು ಒತ್ತಿ, ಕೊನೆಗೆ ರ‍್ಯಾಪರ್ ಸುತ್ತುತ್ತಾರೆ. ಒಳಗೆ ಒಂದು ಎಲೆ ತಿರುಚಿಕೊಂಡಿದ್ರೂ ಸಾಕು, ಅಲ್ಲೊಂದು ಗಂಟು. ಹೊರಗಿಂದ ನೋಡಿದ್ರೆ ಎಂತದೂ ಕಾಣುವುದಿಲ್ಲ.

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಸಿಗಾರ್ ಹುಚ್ಚು ಹಿಡಿದು, ಎಲ್ಲ ಕಡೆ ಬೇಡಿಕೆ ಏರಿತು. ಅಮೆರಿಕದವರು ಕ್ಯೂಬಾದ್ದನ್ನು ಕಾನೂನು ಪ್ರಕಾರ ತರಿಸುವಂತಿರಲಿಲ್ಲ, ಆದರೂ ಕ್ಯೂಬಾ ಉತ್ಪಾದನೆ ಜಾಸ್ತಿ ಮಾಡಲಿಕ್ಕೆ ಹೊರಟಿತು. ಹೊಸ ಕೈಗಳು, ಅವಸರ. ಆ ವರ್ಷಗಳ ಕ್ಯೂಬನ್ ಸಿಗಾರುಗಳಲ್ಲಿ ಎಳೆದರೆ ಬಾರದವು ತುಂಬ ಇದ್ದವು ಅಂತ ಹಳೆ ಗಿರಾಕಿಗಳು ಈಗಲೂ ಗೊಣಗ್ತಾರೆ. 2000ದ ನಂತರ ಅಲ್ಲಿನ ಫ್ಯಾಕ್ಟರಿಗಳಿಗೆ ಡ್ರಾ ಪರೀಕ್ಷೆ ಮಾಡುವ ಮಷೀನುಗಳು ಬಂದವು. ರ‍್ಯಾಪರ್ ಸುತ್ತುವ ಮೊದಲೇ ಗಾಳಿ ಎಳೆದು ನೋಡುವುದು, ಪಾಸ್ ಆಗದಿದ್ರೆ ವಾಪಸ್.

ಒಂದು ಸಂಗತಿ ಗಮನಿಸಿ. ಕೈಗೆ ಕಲೆ ಗೊತ್ತಿಲ್ಲ ಅಂತ ಬಿಗಿ ಬಂದದ್ದಲ್ಲ. ಲೆಕ್ಕ ಜಾಸ್ತಿ ಕೇಳಿದ್ದಕ್ಕೆ ಬಂದದ್ದು.

4/8

ಈಗ ಲೌಂಜಿಗೆ ಬನ್ನಿ. 30 ರೂಮಿಗಿಂತ ಕಮ್ಮಿ ಇಲ್ಲದ ಹೋಟೆಲುಗಳು ಬೇರೆಯೇ ಸ್ಮೋಕಿಂಗ್ ಏರಿಯಾ ಇಡಬಹುದು ಅಂತ ಕಾನೂನಿನಲ್ಲಿ ಉಂಟು. ನಮ್ಮದು ಅಂಥದ್ದೇ ಗಾಜಿನ ಕೋಣೆ. ಎಂಟು ಕುರ್ಚಿ, ಒಂದು ದೊಡ್ಡ ಹ್ಯುಮಿಡಾರ್, ತೇವ ಕಾಪಾಡುವ ಮರದ ಕಪಾಟು.

ಒಂದು ಶನಿವಾರ ರಾತ್ರಿ ಇಬ್ಬರು ಗೆಸ್ಟ್. ಅವರಲ್ಲಿ ಒಬ್ಬರು ಎರಡು ಸಲ ಎಳೆದು, ಸಿಗಾರನ್ನು ಬೂದಿ ತಟ್ಟೆಯಲ್ಲಿ ಇಟ್ಟು, "ಬೇರೆ ತನ್ನಿ" ಅಂದ್ರು. ಸಿಟ್ಟು ಮಾಡಲಿಲ್ಲ ಪಾಪ, ಸಾಮಾನ್ಯದ ಮಾತಿನ ಹಾಗೆ ಹೇಳಿದ್ರು. ಆ ಒಂದು ಸಿಗಾರಿನ ಬೆಲೆ ಮೆನುವಿನಲ್ಲಿ ಓದಿದಾಗಲೆಲ್ಲ ನಾನು ಮನಸ್ಸಿನಲ್ಲೇ ಬೀಡಿ ಲೆಕ್ಕ ಹಾಕ್ತಿದ್ದೆ. ಅಮ್ಮ ಎಷ್ಟು ಸಾವಿರ ಕಟ್ಟಿದ್ರೆ ಇದೊಂದು ಬರ್ತದೆ ಅಂತ. ಬಂಟ್ವಾಳ ಕಡೆಯ ನಮ್ಮ ಮನೆಯಲ್ಲಿ ಅಜ್ಜಿಯೂ ಬೀಡಿ ಕಟ್ಟಿದವರು, ಅಮ್ಮ ಈಗಲೂ ಕಟ್ತಾರೆ. ಕ್ಲಾಸಲ್ಲಿ ಕೆಲವರಿಗೆ ಗೊತ್ತು, ಉಳಿದವರಿಗೆ ಇವತ್ತು ಗೊತ್ತಾಯ್ತು.

ಸರ್ ಹೊಸದು ತರಲಿಕ್ಕೆ ಅವಸರ ಮಾಡಲಿಲ್ಲ. "ಎರಡು ನಿಮಿಷ ಕೊಡಿ ಸರ್, ನೋಡ್ತೇವೆ" ಅಂತ ಗೆಸ್ಟ್ ಹತ್ರ ಕೇಳಿ, ಟ್ರೇಯಲ್ಲಿ ತಗೊಂಡು ಪಕ್ಕದ ಮೇಜಿಗೆ ಬಂದ್ರು. ನನ್ನ ಕೈಗೆ ಕೊಟ್ಟು, "ಎಲ್ಲಿ ಉಂಟು ಹೇಳು" ಅಂದ್ರು. ಉರಿಯುವ ತುದಿ ಆಚೆ ಮಾಡಿ, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಮೆಲ್ಲ ತಿರುಗಿಸಿಕೊಂಡು ಹೋದೆ. ಬ್ಯಾಂಡ್ ಕಾಗದದ ಸ್ವಲ್ಪ ಕೆಳಗೆ, ಒಂದು ಕಡೆ ಮಾತ್ರ, ಹುಣಸೆಬೀಜ ಸಿಕ್ಕಿದ ಹಾಗೆ ಗಟ್ಟಿ. ತೋರಿಸಿದೆ. ಸರ್ ಒತ್ತಿ ನೋಡಿ, "ಮೊದಲು ಎಲ್ಲಿ ಕೆಲಸ ಮಾಡಿದ್ದಿ?" ಅಂತ ಕೇಳಿದ್ರು.

ಎಲ್ಲಿಯೂ ಇಲ್ಲ. ಹೈಸ್ಕೂಲಿನಲ್ಲಿ ಇರುವಾಗ ಸಂಜೆ ಅಮ್ಮ ಕಟ್ಟಿದ ಬೀಡಿಗಳನ್ನು 25ರ ಕಟ್ಟು ಮಾಡಿ ಕೊಡುವುದು ನನ್ನ ಕೆಲಸ. ಬಿಗಿ ಯಾವುದು, ಸಡಿಲ ಯಾವುದು ಅಂತ ಬೆರಳೇ ಹೇಳ್ತಿತ್ತು. ನೋಡಬೇಕು ಅಂತಲೇ ಇರಲಿಲ್ಲ.

5/8

ಆ ರಾತ್ರಿ ಸರ್ ಮಾಡಿದ್ದು, ಮತ್ತೆ ಆಮೇಲೆ ಹೇಳಿಕೊಟ್ಟದ್ದು, ಕ್ರಮವಾಗಿ ಬರೀತೇನೆ. ಟ್ರೈನಿಂಗಿಗೆ ಹೋಗುವವರು ಸೇವ್ ಮಾಡಿಕೊಳ್ಳಿ.

ಒಂದನೆಯದು, ಹೊತ್ತಿಸುವ ಮೊದಲೇ ಪರೀಕ್ಷೆ. ಕ್ಯಾಪ್ ಕತ್ತರಿಸಿದ ಮೇಲೆ ಗೆಸ್ಟ್ ಒಂದು ಸಲ ಹಾಗೇ ಎಳೆದು ನೋಡಲಿ. ನಾವು ಬಾಯಿಗೆ ಇಡುವಂತಿಲ್ಲ, ಅದು ಯಾವತ್ತೂ ನೆನಪಿರಲಿ. ಬಿಗಿ ಅಂತ ಗೊತ್ತಾದ್ರೆ ಆಗಲೇ ಸರಿ ಮಾಡುವುದು ಸುಲಭ.

ಎರಡನೆಯದು, ಕಟ್ ನೋಡಿ. ಎಷ್ಟೋ ಸಲ ಸಿಗಾರಿನದ್ದು ತಪ್ಪೇ ಇರುವುದಿಲ್ಲ, ತೂತು ಚಿಕ್ಕದಾಗಿರ್ತದೆ. ಪಂಚ್‌ನಲ್ಲಿ ತೂತು ಮಾಡಿದ್ದರೆ ಕಟ್ಟರಿನಲ್ಲಿ ನೇರ ಕತ್ತರಿಸಿ. ಇನ್ನು ಒಂದೆರಡು ಮಿಲಿಮೀಟರ್ ತೆಗೆಯಬಹುದು. ಆದರೆ ಕ್ಯಾಪ್ ಮುಗಿಯುವ ಗೆರೆಯ ಕೆಳಗೆ ಇಳಿದ್ರೆ ರ‍್ಯಾಪರ್ ಬಿಚ್ಚಿಕೊಂಡು ಬರ್ತದೆ.

ಮೂರನೆಯದು, ಬೆರಳಲ್ಲಿ ಗಂಟು ಹುಡುಕಿ, ಅಲ್ಲಿ ಮಾತ್ರ ಮೆಲ್ಲ ಹಿಸುಕಿ ತಿರುಗಿಸುವುದು. ಚಪಾತಿ ಹಿಟ್ಟಲ್ಲ, ನೆನಪಿರಲಿ. ರ‍್ಯಾಪರ್ ಒಣಗಿದ್ದರೆ ಇದನ್ನು ಮಾಡಲೇಬೇಡಿ, ಬಿರುಕು ಬಿಡ್ತದೆ.

ನಾಲ್ಕನೆಯದು ಸೂಜಿ. ಕತ್ತರಿಸಿದ ತುದಿಯಿಂದ, ನಡುಮಧ್ಯಕ್ಕೆ, ನೇರ. ಒಂದೇ ಸಲ ನೂಕಬಾರದು, ತಿರುಗಿಸ್ತಾ ತಿರುಗಿಸ್ತಾ ಒಳಗೆ ಬಿಡಬೇಕು. ಗಂಟು ಸಿಕ್ಕಿದಾಗ ಕೈಗೆ ತಡೆ ಗೊತ್ತಾಗ್ತದೆ. ಅದನ್ನು ದಾಟಿದ ಕೂಡಲೇ ನಿಲ್ಲಿಸಿ, ಹಾಗೇ ತಿರುಗಿಸಿಕೊಂಡು ಹೊರಗೆ ತೆಗೆಯಬೇಕು. ಸೂಜಿಯ ಸಣ್ಣ ಹಲ್ಲುಗಳಿಗೆ ಎಲೆಯ ಚೂರು ಸಿಕ್ಕಿ ಬರ್ತದೆ. ಆಚೆ ತುದಿಯ ತನಕ ತೂತು ಕೊರೆದ್ರೆ ಹೊಗೆ ಆ ಒಂದೇ ದಾರಿಯಲ್ಲಿ ಬಿಸಿ ಬಿಸಿ ಬರ್ತದೆ, ಉರಿಯೂ ಅಡ್ಡಾದಿಡ್ಡಿ. ಓರೆ ಹೋದ್ರೆ ರ‍್ಯಾಪರ್ ಹರೀತದೆ.

ಐದನೆಯದು, ಯಾವುದಕ್ಕೂ ಬಗ್ಗದಿದ್ರೆ ಕ್ಷಮೆ ಕೇಳಿ ಬೇರೆ ಕೊಡಿ.

ಮಾಡಬಾರದ್ದು ಒಂದೇ: ಜೋರಾಗಿ ಎಳೆಯುವುದು. ಎಲ್ಲರೂ ಮಾಡುವುದು ಅದನ್ನೇ. ಬಿಗಿ ಹೋಗುವುದಿಲ್ಲ, ತುದಿ ಮಾತ್ರ ಕಾದು ಕಹಿಯಾಗ್ತದೆ. ಕೊನೆಗೆ ಆರಿಯೂ ಹೋಗ್ತದೆ.

ಅವತ್ತು ನಾಲ್ಕನೆಯದರಲ್ಲಿ ಸರಿಯಾಯ್ತು. ಗೆಸ್ಟ್ ಎಳೆದು, ತಲೆ ಆಡಿಸಿ, ಮಾತು ಮುಂದುವರಿಸಿದ್ರು.

6/8

ಎಲ್ಲ ಬಿಗಿಯೂ ಸುತ್ತಿದ ಕೈಯಿಂದ ಬರುವುದಲ್ಲ. ಇದನ್ನು ಬೇರೆಯೇ ಪೋಸ್ಟ್ ಮಾಡಿದ್ದು ಬೇಕೆಂದೇ, ಯಾಕೆಂದ್ರೆ ದೂರು ಬಂದ ಕೂಡಲೇ ಎಲ್ಲರೂ ಸುತ್ತಿದವನನ್ನೇ ಬೈಯುವುದು.

ತಂಬಾಕಿನ ಎಲೆ ನಮ್ಮ ಹಪ್ಪಳದ ಹಾಗೆ. ಗಾಳಿಯ ತೇವ ಹೀರಿಕೊಳ್ತದೆ. ತೇವ ಹೆಚ್ಚಾದ್ರೆ ಎಲೆ ಉಬ್ಬಿ, ಒಳಗಿನ ಸಂದು ಮುಚ್ಚಿಕೊಳ್ತದೆ. ಕಮ್ಮಿಯಾದ್ರೆ ರ‍್ಯಾಪರ್ ಒಡೀತದೆ. ಅದಕ್ಕೇ ಹ್ಯುಮಿಡಾರ್‌ನಲ್ಲಿ ಇಡುವುದು. ಪುಸ್ತಕದಲ್ಲಿ 70% ತೇವಾಂಶ ಅಂತ ಓದಿದ್ದೇವೆ. ಅಷ್ಟು ಇಟ್ಟರೆ ಬಿಗಿ ಆಗ್ತದೆ ಅಂತ 65ರ ಆಸುಪಾಸು ಇಡುವವರು ತುಂಬ ಜನ ಇದ್ದಾರೆ.

ನಮ್ಮ ಮಂಗಳೂರಿನ ಮಳೆಗಾಲ ಗೊತ್ತಲ್ವಾ. ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಅಂಥಾ ಕಡೆ ಸಿಗಾರನ್ನು ಹೊರಗೆ ಇಟ್ಟರೆ ಉಬ್ಬುವುದೇ. ಬೆಂಗಳೂರಿನ ಜನವರಿಗೆ ಅದರದ್ದು ಉಲ್ಟಾ ತೊಂದರೆ.

ಸರ್ ಹೇಳಿಕೊಟ್ಟ ಒಂದು ಪರೀಕ್ಷೆ ನನಗೆ ತುಂಬ ಇಷ್ಟ ಆಯ್ತು. ಒಂದು ಪೆಟ್ಟಿಗೆಯಲ್ಲಿ ಒಂದೇ ಒಂದು ಬಿಗಿ ಇದ್ದರೆ, ಅದು ಸುತ್ತಿದಾಗ ಬಂದ ಗಂಟು ಇರಬಹುದು. ಅದೇ ಪೆಟ್ಟಿಗೆಯ ನಾಲ್ಕೈದು ಬಿಗಿ ಇದ್ದರೆ ಮೊದಲು ನಮ್ಮ ಹ್ಯುಮಿಡಾರ್ ಮೀಟರ್ ನೋಡಬೇಕು. ಆಗ ಸೂಜಿ ಮುಟ್ಟಬೇಡಿ. ಆ ಸಿಗಾರುಗಳನ್ನು ಹ್ಯುಮಿಡಾರ್‌ನಿಂದ ತೆಗೆದು, ನೀರಿನ ಪಸೆ ಇಲ್ಲದ ಖಾಲಿ ಮರದ ಪೆಟ್ಟಿಗೆಯಲ್ಲಿ ಒಂದೆರಡು ದಿನ ಇಡಿ. ಇದಕ್ಕೆ ಡ್ರೈ ಬಾಕ್ಸಿಂಗ್ ಅಂತಾರೆ. ತೇವ ಇಳಿದ ಹಾಗೆ ಎಲೆ ಕುಗ್ಗಿ ದಾರಿ ತನ್ನಿಂದ ತಾನೇ ಬಿಟ್ಟುಕೊಳ್ತದೆ. ಬಿಸಿಲಿಗೆ ಇಡುವುದು, ಹೀಟರ್ ಹತ್ರ ಇಡುವುದು, ಫ್ಯಾನ್ ಅಡಿಯಲ್ಲಿ ಇಡುವುದು ಎಲ್ಲ ಬೇಡ.

ಅಮ್ಮ ಇದನ್ನು ಕೇಳಿ ನಗ್ತಾರೆ ಅಂತ ಗೊತ್ತಿತ್ತು. ಮಳೆಗಾಲದಲ್ಲಿ ತಂಬಾಕಿನ ಪುಡಿಯ ಡಬ್ಬಿಯನ್ನು ಒಲೆಯ ಹತ್ತಿರದ ಮೂಲೆಗೆ ಸರಿಸಿ ಇಡುವುದು ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿಂದ ಉಂಟು.

7/8

ಟ್ರೈನಿಂಗ್ ಮುಗಿಸಿ ಮನೆಗೆ ಬಂದೆ. ಸರ್ ಹೊಸ ಸೂಜಿ ತರಿಸಿದ್ರು, ಹಳೆಯದನ್ನು ನನಗೆ ಕೊಟ್ಟಿದ್ರು. ಅಮ್ಮ ಚಾವಡಿಯಲ್ಲಿ ತಡ್ಪೆ ಇಟ್ಟುಕೊಂಡು ಕೂತಿದ್ರು. ಬೇರೆ ಊರಿನವರಿಗೆ: ತಡ್ಪೆ ಅಂದ್ರೆ ಮೊರ. ನಿನ್ನೆ ನೆನೆಸಿ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಅಳತೆಗೆ ಕತ್ತರಿಸಿದ ತುಂಡುಗಳು, ಪುಡಿ, ನೂಲು. ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ. (ಕ್ಯೂಬಾದ ಫ್ಯಾಕ್ಟರಿಗಳಲ್ಲಿ ಸುತ್ತುವವರಿಗೆ ಪೇಪರ್, ಕಾದಂಬರಿ ಓದಿ ಹೇಳಲಿಕ್ಕೆ ಒಬ್ಬರನ್ನು ಇಟ್ಟಿರ್ತಾರೆ. 1865ರಿಂದ ಇರುವ ಪದ್ಧತಿ. ಕೈಗೆ ಕೆಲಸ, ಕಿವಿಗೆ ಬಿಡುವು ಇರುವಲ್ಲೆಲ್ಲ ಹೀಗೇ ಏನೋ.)

ನಾನು ಸೂಜಿ ತೋರಿಸಿ ಕಥೆ ಪೂರ್ತಿ ಹೇಳಿದೆ. ಅಮ್ಮ ಕೈ ನಿಲ್ಲಿಸದೆ ಕೇಳಿದ್ರು. ಕೊನೆಗೆ ಒಂದೇ ಪ್ರಶ್ನೆ: "ಆ ಸಿಗಾರ್ ಸುತ್ತಿದವನಿಗೆ ಕೂಲಿ ಕಟ್ ಆಯ್ತಾ?"

ಆ ಲೌಂಜಿನಲ್ಲಿ ಎರಡು ತಿಂಗಳು ಇದ್ದೆ. ಈ ಪ್ರಶ್ನೆ ಒಂದು ಸಲವೂ ಯಾರ ಬಾಯಲ್ಲೂ ಬಂದಿರಲಿಲ್ಲ.

ಬೀಡಿಯಲ್ಲಿ ಬಿಗಿ ಆದ್ರೆ ಎಂತ ಆಗ್ತದೆ ಹೇಳ್ತೇನೆ. ವಾರದಲ್ಲಿ ಇಷ್ಟು ದಿನ ಅಂತ ಬ್ರಾಂಚಿಗೆ ಬೀಡಿ ಕೊಡಲಿಕ್ಕೆ ಹೋಗಬೇಕು. ಅಲ್ಲಿ ಚೆಕ್ಕರ್ ಒಂದು ಕಟ್ಟು ಎತ್ತಿ, ಬೆರಳಲ್ಲಿ ಒತ್ತಿ ನೋಡ್ತಾರೆ. ತುಂಬ ಬಿಗಿ ಇದ್ರೆ ಎಳೆಯಲಿಕ್ಕೆ ಬರುವುದಿಲ್ಲ, ಸಡಿಲ ಇದ್ರೆ ಪುಡಿ ಉದುರ್ತದೆ. ಎರಡೂ ರಿಜೆಕ್ಟ್. ರಿಜೆಕ್ಟ್ ಆದದ್ದಕ್ಕೆ ಕೂಲಿ ಇಲ್ಲ, ಲೆಕ್ಕ ತುಂಬಿಸಲಿಕ್ಕೆ ಮತ್ತೆ ಕಟ್ಟಿ ಕೊಡಬೇಕು. ಕೊಟ್ಟ ಎಲೆಯೇ ಹಾಳಿದ್ದರೂ ಸಂಖ್ಯೆ ಕಮ್ಮಿ ಬರುವ ಹಾಗಿಲ್ಲ. ಅಮ್ಮ ಕೈಯಿಂದ ದುಡ್ಡು ಹಾಕಿ ಎಲೆ ತಂದದ್ದೂ ಉಂಟು. ಯಾವ ಕಂಪನಿ ಅಂತ ಬರೆಯುವುದಿಲ್ಲ, ಈ ಪೋಸ್ಟ್ ಅದಕ್ಕಲ್ಲ.

1966ರಲ್ಲಿ ನಮ್ಮ ದೇಶದಲ್ಲಿ ಒಂದು ಕಾನೂನು ಬಂತು, ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಮನೆಯಲ್ಲೇ ಕೂತು ಕಟ್ಟುವವರನ್ನೂ ಅದು ಕಾರ್ಮಿಕರು ಅಂತ ಒಪ್ಪಿತು. ಎರಡೂ ಹೆಸರು ಒಂದೇ ಸಾಲಿನಲ್ಲಿ. ಮೇಜಿನ ಮೇಲೆ ಮಾತ್ರ ಅವು ಯಾವತ್ತೂ ಅಕ್ಕಪಕ್ಕ ಕೂರುವುದಿಲ್ಲ.

8/8

ಅಮ್ಮನಿಗೆ ನಾನು ಹೇಳಿದ ಉತ್ತರ ಇದು. ಫ್ಯಾಕ್ಟರಿಯಲ್ಲಿ ಮಷೀನಿಗೆ ಸಿಕ್ಕಿಬಿದ್ದರೆ ಅವನಿಗೇ ವಾಪಸ್ ಬರ್ತದೆ, ಬಿಚ್ಚಿ ಮತ್ತೆ ಸುತ್ತಬೇಕು. ಅವನಿಗೂ ಸಂಖ್ಯೆಯ ಲೆಕ್ಕವೇ. ಆದರೆ ಪೆಟ್ಟಿಗೆ ಸೇರಿ ಹಡಗು ಹತ್ತಿದ ಮೇಲೆ ಬಿಗಿ ಗೊತ್ತಾದ್ರೆ, ನಮ್ಮಂಥವರು ಸೂಜಿ ಹಿಡಿದು ನಿಲ್ತೇವೆ.

"ಹಾಗಾದ್ರೆ ಒಳ್ಳೆಯದಾಯ್ತು" ಅಂದ್ರು ಅಮ್ಮ. "ಒಂದು ಬಿಗಿ ಆದ್ರೆ ಬಿಸಾಡದೆ ಸರಿ ಮಾಡುವವರು ಅಲ್ಲಾದ್ರೂ ಇದ್ದಾರಲ್ಲ."

ನಂಗೆ ಏನು ಹೇಳಬೇಕು ಅಂತ ಗೊತ್ತಾಗ್ಲಿಲ್ಲ. ನನ್ನ ಮೊದಲ ಸೆಮಿಸ್ಟರ್ ಫೀಸ್, ಯೂನಿಫಾರ್ಮಿನ ಕಪ್ಪು ಶೂ, ಬೆಂಗಳೂರಿನ ಪಿಜಿ ಅಡ್ವಾನ್ಸ್, ಎಲ್ಲದರಲ್ಲೂ ಬೀಡಿ ಉಂಟು. ಅದರ ಜೊತೆ ಅಮ್ಮನ ಬೆನ್ನುನೋವು, ಪುಡಿಯ ಧೂಳಿನ ಕೆಮ್ಮು ಕೂಡ ಉಂಟು. ಹಾಗಾಗಿ ಬೀಡಿಯನ್ನಾಗಲಿ ಸಿಗಾರನ್ನಾಗಲಿ ನಾನು ಹೊಗಳಿ ಬರೆಯಲಾರೆ. ದೊಡ್ಡ ಸಿಗಾರ್ ಒಂದರಲ್ಲಿ ಹೆಚ್ಚುಕಮ್ಮಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಹೊಗೆ ಒಳಗೆ ತಗೊಳ್ಳದೆ ಇದ್ರೂ ಬಾಯಿಯಿಂದಲೇ ನಿಕೋಟಿನ್ ಮೈ ಸೇರ್ತದೆ, ಬಾಯಿಯ ಕ್ಯಾನ್ಸರಿನ ಭಯ ಉಂಟು. ಬೀಡಿ ಅದಕ್ಕಿಂತ ಒಳ್ಳೆಯದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಆದರೆ ಸುತ್ತುವ ಕೈ ಬೇರೆ, ಸೇದುವ ಚಟ ಬೇರೆ. ಮುಂದೆ ನಾವೆಲ್ಲ ಸೂಪರ್‌ವೈಸರ್, ಮ್ಯಾನೇಜರ್ ಆಗ್ತೇವೆ. ಕಿಚನ್ನಿನಿಂದ, ಲಾಂಡ್ರಿಯಿಂದ, ಇನ್ನೆಲ್ಲಿಂದಲೋ ಬಂದ ಕೆಲಸದಲ್ಲಿ ಬಿಗಿ ಸಿಗ್ತದೆ. ಮೊದಲು ಬೆರಳಿಟ್ಟು ಎಲ್ಲಿ ಅಂತ ನೋಡಿ. ಒಬ್ಬರದ್ದಾ, ಇಡೀ ಪೆಟ್ಟಿಗೆಯದ್ದಾ? ಕೈಯದ್ದಾ, ಹವೆಯದ್ದಾ, ಅವಸರ ಮಾಡಿಸಿದವರದ್ದಾ? ಆಮೇಲೆ ಸೂಜಿ. ಕೂಲಿಗೆ ಕತ್ತರಿ ಹಾಕುವುದು ಕೊನೆಗೆ, ಬೇಕೇ ಬೇಕಾದ್ರೆ.

ಒಂದು ಉಪಯೋಗದ ಮಾತು. ಮನೆಯಲ್ಲಿ ಬೀಡಿ ಕಟ್ಟುವವರು ಇದ್ದು, ಅವರ ಹತ್ರ ಬೀಡಿ ಕಾರ್ಮಿಕರ ಕಾರ್ಡ್ ಇದ್ರೆ, ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ನಾಚಿಕೆ ಪಟ್ಟು ಬಿಡಬೇಡಿ, ಜೂನಿಯರ್ಸಿಗೂ ಹೇಳಿ.

ಮತ್ತೆ ನಿಮ್ಮ ಮನೆಯಲ್ಲಿ ಯಾರು, ದಿನಕ್ಕೆ ಎಷ್ಟು ಕಟ್ತಿದ್ರು? ಕಾಮೆಂಟಲ್ಲಿ ಬರೀರಿ. ಅಮ್ಮನಿಗೆ ಓದಿ ಹೇಳ್ತೇನೆ, ಸಂಜೆ ರೇಡಿಯೋ ಆಫ್ ಮಾಡಿ.

#ಟ್ರೈನಿಂಗ್‌ಡೈರಿ #ಬೀಡಿ #ಚುರುಟು #ಅಮ್ಮನಕೈ